ಠೇವಣಿ ಕಳೆದುಕೊಂಡವರ ಲೆಕ್ಕ

ಚುನಾವಣಾ ಫಲಿತಾಂಶದ ಮರುದಿನ ಪತ್ರಿಕೆಗಳು ಅಚ್ಚು ಹಾಕುವ ಪಟ್ಟಿಯಲ್ಲಿ ಕೊನೆಗೊಂದು ಸಾಲು ಇರುತ್ತದೆ: 'ಇತರರು'. ದೊಡ್ಡ ಪಕ್ಷಗಳ ಹೆಸರು, ಏರಿದ ಇಳಿದ ಸ್ಥಾನಗಳು ಎಲ್ಲ ಮುಗಿದ ಮೇಲೆ ಉಳಿದವರನ್ನು ಗುಡಿಸಿ ಹಾಕುವ ಮೂಲೆ ಅದು. ಕರ್ನಾಟಕದ ಕಮ್ಯುನಿಸ್ಟ್ ಪಕ್ಷಗಳು 2008, 2013, 2018, 2023ರ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ಆ ಮೂಲೆಗೂ ಒಂದು ಸ್ಥಾನವನ್ನು ಸೇರಿಸಲಿಲ್ಲ. 'ಇತರರು' ಎಂಬ ಪದ ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಹೊಸದೇನಲ್ಲ ಬಿಡಿ. ಆದರೂ ಈ ಸೋಲನ್ನು ಎಡಪಕ್ಷಗಳ ಮನೆಯ ವಿಷಯವೆಂದು ಬಿಟ್ಟುಬಿಡುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ದಾಂಡೇಲಿಯ ಗುತ್ತಿಗೆ ಕಾರ್ಮಿಕನಿಗೆ, ಕುಳಗಿಯ ಸುತ್ತಿನ ಕಾಡಿನಲ್ಲಿ ಗದ್ದೆ ಮಾಡಿಕೊಂಡಿರುವ ಕುಣಬಿಗೆ, ಹಳಿಯಾಳ ಮುಂಡಗೋಡಿನ ಸಿದ್ದಿಗೆ, ಮೊಹಲ್ಲಾದ ಬಡ ಮುಸಲ್ಮಾನನಿಗೆ ಈ ಲೆಕ್ಕದಲ್ಲಿ ಪಾಲಿದೆ.

ಮೊದಲು ಒಂದು ಅಂಕಿಯನ್ನು ನೆನಪಿಗೆ ತಂದುಕೊಳ್ಳೋಣ. 1983ರಲ್ಲಿ ಕರ್ನಾಟಕದ 224 ಸ್ಥಾನಗಳಲ್ಲಿ ಸಿ.ಪಿ.ಐ. 3, ಸಿ.ಪಿ.ಎಂ. 3 ಗೆದ್ದವು. 1985ರಲ್ಲಿ ಸಿ.ಪಿ.ಐ. 3, ಸಿ.ಪಿ.ಎಂ. 2. ಅದೇ 1985ರಲ್ಲಿ ಭಾರತೀಯ ಜನತಾ ಪಕ್ಷ ಗೆದ್ದದ್ದು ಎಷ್ಟು? ಎರಡೇ ಎರಡು. ಎರಡು ಕಮ್ಯುನಿಸ್ಟ್ ಪಕ್ಷಗಳು ಸೇರಿ ಐದು, ಬಿ.ಜೆ.ಪಿ. ಎರಡು. ಒಂಬತ್ತು ವರ್ಷ ಕಳೆದು 1994ಕ್ಕೆ ಬನ್ನಿ: ಬಿ.ಜೆ.ಪಿ. 40, ಸಿ.ಪಿ.ಎಂ. 1. 'ಕರ್ನಾಟಕದ ಮಣ್ಣೇ ಎಡಪಂಥಕ್ಕೆ ಒಗ್ಗದು' ಎಂದು ಹೇಳುವವರು ಈ 1985ರ ಸಾಲನ್ನು ಓದಿದಂತಿಲ್ಲ. 'ಹಣ, ಜಾತಿ, ಕೋಮುವಾದ ನಮ್ಮನ್ನು ಸೋಲಿಸಿದವು' ಎಂದು ಪ್ರತಿ ಚುನಾವಣೆಯ ನಂತರ ಒಂದೇ ಪರಿಶೀಲನಾ ವರದಿಯನ್ನು ಹೊಸ ದಿನಾಂಕ ಹಾಕಿ ಹೊರಡಿಸುವವರೂ ಓದಿದಂತಿಲ್ಲ. ಹಣವೂ ಜಾತಿಯೂ 1985ರಲ್ಲೂ ಇದ್ದವು.

ಆ ದಿನಗಳಲ್ಲಿ ಗೆದ್ದವರು ಎಲ್ಲಿಂದ ಗೆದ್ದರು ಎಂಬುದನ್ನು ನೋಡಿದರೆ ಸೋಲಿನ ಬೇರು ಸಿಗುತ್ತದೆ. ವಿಟ್ಲದಿಂದ ಬಿ.ವಿ. ಕಕ್ಕಿಲ್ಲಾಯರು 1978ರಲ್ಲಿ ಗೆದ್ದರು. ಗೇಣಿದಾರರ ಹೋರಾಟ ಅವರ ಬೆನ್ನಿಗಿತ್ತು. ದಾವಣಗೆರೆಯಿಂದ ಪಂಪಾಪತಿಯವರು 1978, 1983, 1985ರಲ್ಲಿ ಮೂರು ಸಲ ಗೆದ್ದರು. 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ಊರಿನ ಹತ್ತಿ ಗಿರಣಿಗಳ ಕಾರ್ಮಿಕರು ಅವರ ಶಕ್ತಿ. ಉಳ್ಳಾಲದಿಂದ 1983ರಲ್ಲಿ ಸಿ.ಪಿ.ಎಂ.ನ ಪಿ. ರಾಮಚಂದ್ರ ರಾವ್ ಗೆದ್ದರು. ಉಳ್ಳಾಲ! ಯು.ಟಿ. ಫರೀದ್, ಕನ್ನಡದ ಕವಿ ಬಿ.ಎಂ. ಇದಿನಬ್ಬ ಅವರಂಥವರು ಕಾಂಗ್ರೆಸ್ಸಿನಿಂದ ಪ್ರತಿನಿಧಿಸಿದ, ಮುಸ್ಲಿಂ ಮತದಾರರು ಬಹುಸಂಖ್ಯೆಯಲ್ಲಿರುವ ಕ್ಷೇತ್ರ. ಬೀಡಿ ಕಟ್ಟುವ, ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ಜನ ಒಂದು ಸಲವಾದರೂ ಕುಡುಗೋಲು ಸುತ್ತಿಗೆ ನಕ್ಷತ್ರಕ್ಕೆ ಮುದ್ರೆ ಒತ್ತಿದ್ದರು. ಮುಸಲ್ಮಾನರು ಕೆಂಪು ಬಾವುಟವನ್ನು ಕಂಡರೆ ಓಡುತ್ತಾರೆ ಎಂಬ ಮಾತಿಗೆ ಉಳ್ಳಾಲದ ಆ ಒಂದು ಫಲಿತಾಂಶ ಉತ್ತರ.

ಮುಂದೇನಾಯಿತು? ದೇವರಾಜ ಅರಸರ 1974ರ ಭೂಸುಧಾರಣಾ ಕಾನೂನು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ರೈತ ಸಂಘಗಳು, ಸಮಾಜವಾದಿಗಳು, ಕಮ್ಯುನಿಸ್ಟರು ಇಪ್ಪತ್ತು ಮೂವತ್ತು ವರ್ಷ ಜೈಲಿಗೆ ಹೋಗಿ, ಏಟು ತಿಂದು ಹದ ಮಾಡಿದ ನೆಲದಲ್ಲಿ ಕಾಂಗ್ರೆಸ್ ಬೆಳೆ ಕೊಯ್ದುಕೊಂಡಿತು. ಇದರಲ್ಲಿ ಮೋಸವೇನಿಲ್ಲ, ಕಾನೂನು ಮಾಡಿದವರು ಓಟು ಪಡೆದರು. ಆದರೆ ನಿನ್ನೆಯ ಗೇಣಿದಾರ ಇಂದು ಭೂಮಾಲೀಕ. ಅವನಿಗೆ ಗೇಣಿದಾರರ ಸಂಘದ ರಸೀದಿ ಪುಸ್ತಕ ಇನ್ನೇಕೆ? ಅವನ ಮಗ ಮುಂಬೈಗೋ ಗಲ್ಫಿಗೋ ಹೋದ, ಹಣ ಕಳಿಸಿದ, ಊರಿನ ದೇವಸ್ಥಾನದ ಅಥವಾ ಮಸೀದಿಯ ಜೀರ್ಣೋದ್ಧಾರಕ್ಕೆ ಚಂದಾ ಕೊಟ್ಟ. ದಾವಣಗೆರೆಯಲ್ಲಿ ಗಿರಣಿಗಳೇ ಮುಚ್ಚಿದವು. ಒಂದು ಕಡೆ ಹೋರಾಟ ಗೆದ್ದು ಪಕ್ಷ ಸೋತಿತು, ಇನ್ನೊಂದು ಕಡೆ ಕಾರ್ಖಾನೆ ಸೋತು ಪಕ್ಷವೂ ಸೋತಿತು. ಬೇಡಿಕೆ ಈಡೇರಿದ ಮೇಲೆ ಜನರೊಡನೆ ಏನು ಮಾತಾಡಬೇಕು ಎಂಬುದನ್ನು ನಮ್ಮ ಎಡಪಂಥ ಕಲಿಯಲೇ ಇಲ್ಲ ಎಂಬುದು ನನ್ನ ಮೊದಲ ತಕರಾರು.

ನಮ್ಮ ಉತ್ತರ ಕನ್ನಡವೂ ಈ ಕತೆಯ ಹೊರಗಿಲ್ಲ. ದಿನಕರ ದೇಸಾಯಿಯವರನ್ನು ಚುಟುಕದ ಕವಿಯೆಂದು ಮಕ್ಕಳೂ ಬಲ್ಲರು. ಅಂಕೋಲೆಯ ಕಡೆ ಗೇಣಿದಾರರನ್ನು ಕಟ್ಟಿದ್ದಕ್ಕಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತೆಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. 1967ರಲ್ಲಿ ಜಿಲ್ಲೆ ಅವರನ್ನು ಲೋಕಸಭೆಗೆ ಕಳಿಸಿತು, ಪಕ್ಷೇತರರಾಗಿ. ಘಟ್ಟದ ಮೇಲೆ ಶಾಂತವೇರಿ ಗೋಪಾಲಗೌಡರು ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಗೆದ್ದರು, 1957ರಲ್ಲಿ ಸೋತರು, ಮತ್ತೆ ತೀರ್ಥಹಳ್ಳಿಯಿಂದ 1962, 1967ರಲ್ಲಿ ಗೆದ್ದರು. ಒಂದು ಓಟು, ಒಂದು ನೋಟು ಎಂದು ಮತದಾರನಿಂದಲೇ ಹಣ ಕೇಳಿದ ಮನುಷ್ಯ. ಈಗ ವಿಧಾನಸಭಾ ಅಭ್ಯರ್ಥಿಗೆ ಚುನಾವಣಾ ಆಯೋಗ ಕಾಗದದ ಮೇಲೆ ಒಪ್ಪಿರುವ ವೆಚ್ಚವೇ 40 ಲಕ್ಷ. ಕಾಗದದಾಚೆಯದು ಎಲ್ಲರಿಗೂ ಗೊತ್ತು. ನೋಟು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದು ಅಂದಿನಿಂದ ಇಂದಿಗೆ ತಿರುಗಿದೆ.

ಸಾಹಿತ್ಯದ ಮಾತು ಬಂತು. ನಾನು ಕತೆ ಬರೆಯುವವನು, ಆದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ವಿಧಾನಸಭೆಯಲ್ಲಿ ಎಡಪಂಥ 'ಇತರರು', ಕನ್ನಡ ಸಾಹಿತ್ಯದಲ್ಲಿ ಅದು ಮುಖ್ಯ ಪಕ್ಷ. ಪ್ರಗತಿಶೀಲರಿಂದ ಹಿಡಿದು 1979ರಲ್ಲಿ ಹುಟ್ಟಿದ ಬಂಡಾಯ ಸಂಘಟನೆಯವರೆಗೆ ಅದರ ಛಾಯೆ ಬೀಳದ ದಶಕವಿಲ್ಲ. ಬೊಳುವಾರು, ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಮೊದಲಾದವರು ಮುಸ್ಲಿಂ ಮನೆಯ ಒಳಗನ್ನು ಕನ್ನಡಕ್ಕೆ ತಂದದ್ದಕ್ಕೂ ಆ ಹೊತ್ತಿನ ಗಾಳಿ ಒಂದು ಕಾರಣ. ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ 'ತರಕ್ಕಿ ಪಸಂದ್' ಎಂಬ ಪದ ಕನ್ನಡದ 'ಪ್ರಗತಿಶೀಲ'ಕ್ಕಿಂತ ಮೊದಲೇ ಪರಿಚಯವಾಗಿತ್ತು. ಮೌಲಾನಾ ಹಸ್ರತ್ ಮೊಹಾನಿ 1925ರ ಕಾನ್ಪುರದ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದರು. ಅದೇ ಮನುಷ್ಯ ಮತ್ತೆ ಮತ್ತೆ ಹಜ್‌ಗೆ ಹೋಗಿ ಬಂದರು. ಮಖ್ದೂಮ್ ಮೊಹಿಯುದ್ದೀನ್ ಗಝಲನ್ನೂ ಬರೆದರು, ಹೈದರಾಬಾದ್ ವಿಧಾನಸಭೆಗೂ ಆಯ್ಕೆಯಾದರು. ದೀನ್ ಮತ್ತು ಇಂಕಿಲಾಬ್ ಒಂದೇ ಮನೆಯಲ್ಲಿ ವಾಸಿಸಲಾರವು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಿರಂಜನರ 'ಚಿರಸ್ಮರಣೆ'ಯನ್ನು ಕನ್ನಡ ಬಲ್ಲ ಎಡಪಂಥೀಯ ಯಾರೂ ಓದದೆ ಬಿಟ್ಟಿಲ್ಲ. 1943ರ ಮಾರ್ಚ್ 29ರಂದು ಗಲ್ಲಿಗೇರಿದ ಕಯ್ಯೂರಿನ ನಾಲ್ವರಲ್ಲಿ ಒಬ್ಬ ಅಬೂಬಕರ್. ಆ ಹೆಸರನ್ನು ಪುಸ್ತಕದಲ್ಲಿ ಕಂಡಾಗ ನಮ್ಮ ಹುಡುಗರಿಗೆ ಆಗುವ ರೋಮಾಂಚನ ಸಣ್ಣದಲ್ಲ. ಆದರೆ ನಮ್ಮ ಕತೆಗಾರರು ಹುತಾತ್ಮನನ್ನು ಬರೆದಷ್ಟು ಪ್ರೀತಿಯಿಂದ ಸೋತ ಅಭ್ಯರ್ಥಿಯನ್ನು ಬರೆಯಲಿಲ್ಲ. ಗಲ್ಲುಗಂಬಕ್ಕೆ ಒಂದು ಸೌಂದರ್ಯವಿದೆ. ಎಣಿಕೆಯ ಕೊಠಡಿಯಲ್ಲಿ ಹನ್ನೊಂದನೆಯ ಸುತ್ತಿನಲ್ಲಿ ತನ್ನ ಮತ ಇನ್ನೂ ನಾಲ್ಕಂಕಿ ದಾಟದ್ದನ್ನು ನೋಡುತ್ತ ಚಹಾ ಕುಡಿಯುವ ಏಜೆಂಟನಿಗೆ ಅದಿಲ್ಲ. ತ್ಯಾಗವನ್ನು ಆರಾಧಿಸುವ ಪಂಥ ನಿಧಾನವಾಗಿ ಸೋಲನ್ನೂ ತ್ಯಾಗವೆಂದೇ ಓದಿಕೊಳ್ಳಲು ಕಲಿಯುತ್ತದೆ. ಆಮೇಲೆ ಗೆಲ್ಲುವ ಹಸಿವು ಎಲ್ಲಿಂದ ಬರಬೇಕು?

ಠೇವಣಿಯ ನಿಯಮವೂ ಸಣ್ಣ ಪಕ್ಷವನ್ನು ಹೀಗೆಯೇ ಹಣ್ಣು ಮಾಡುತ್ತದೆ. ನಮ್ಮಲ್ಲಿ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಯಿತು. ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಇಂಗ್ಲೆಂಡಿನಲ್ಲಿ ಈಗ ಶೇಕಡಾ 5 ಮತ ಸಾಕು, ಹಿಂದೆ ಎಂಟನೇ ಒಂದು ಭಾಗ ಬೇಕಿತ್ತು. ಅಲ್ಲಿನ ಕಮ್ಯುನಿಸ್ಟ್ ಪಕ್ಷ 1950ರಲ್ಲಿ 100 ಕಡೆ ಅಭ್ಯರ್ಥಿಗಳನ್ನು ನಿಲ್ಲಿಸಿ 97 ಕಡೆ ಠೇವಣಿ ಕಳೆದುಕೊಂಡಿತು, ಇದ್ದ ಎರಡು ಸ್ಥಾನಗಳನ್ನೂ ಕಳೆದುಕೊಂಡಿತು. ಆ ಎರಡರಲ್ಲಿ ಒಂದು ಲಂಡನ್ನಿನ ಪೂರ್ವ ಭಾಗದ ಮೈಲ್ ಎಂಡ್. ಅಲ್ಲಿಂದ 1945ರಲ್ಲಿ ಗೆದ್ದಿದ್ದ ಫಿಲ್ ಪಿರಾಟಿನ್ ಯಹೂದಿ. ಬಡ ಯಹೂದಿ ವಲಸಿಗರ ಆ ಕೇರಿಗಳಲ್ಲಿ ಪಕ್ಷದವರು ಬಾಡಿಗೆದಾರರ ಜೊತೆ ನಿಂತಿದ್ದರು, ಫ್ಯಾಸಿಸ್ಟರ ಮೆರವಣಿಗೆಯನ್ನು ಬೀದಿಯಲ್ಲೇ ತಡೆದಿದ್ದರು. ಕಾಲ ಉರುಳಿತು, ಅದೇ ಕೇರಿಗಳಿಗೆ ಸಿಲ್ಹೆಟಿನ ಬಂಗಾಳಿ ಮುಸಲ್ಮಾನರು ಬಂದರು. ಇರಾಕ್ ಯುದ್ಧದ ಸಿಟ್ಟಿನಲ್ಲಿ 2004ರಲ್ಲಿ ಹುಟ್ಟಿದ 'ರೆಸ್ಪೆಕ್ಟ್' ಎಂಬ ಸಣ್ಣ ಎಡಪಕ್ಷ, ಮರುವರ್ಷವೇ ಪಕ್ಕದ ಬೆತ್ನಲ್ ಗ್ರೀನ್ ಅಂಡ್ ಬೋ ಕ್ಷೇತ್ರದಲ್ಲಿ ಲೇಬರ್ ಪಕ್ಷವನ್ನು 823 ಮತಗಳಿಂದ ಸೋಲಿಸಿತು. ಗೆದ್ದವರು ಜಾರ್ಜ್ ಗ್ಯಾಲೋವೇ. 2007ರಲ್ಲಿ ಪಕ್ಷ ಒಡೆಯಿತು, 2010ರಲ್ಲಿ ಆ ಸ್ಥಾನ ಲೇಬರಿಗೆ ಮರಳಿತು, 2012ರಲ್ಲಿ ಬ್ರಾಡ್‌ಫರ್ಡ್ ವೆಸ್ಟ್ ಉಪಚುನಾವಣೆಯಲ್ಲಿ ಅದೇ ಗ್ಯಾಲೋವೇ ಹತ್ತು ಸಾವಿರಕ್ಕೂ ಮಿಕ್ಕಿ ಅಂತರದಿಂದ ಗೆದ್ದು 2015ರಲ್ಲಿ ಸೋತರು. 2016ರಲ್ಲಿ ಪಕ್ಷದ ನೋಂದಣಿಯೇ ಇಲ್ಲವಾಯಿತು. ಪಿರಾಟಿನ್ನನ ಪಕ್ಷ ಮನೆ ಬಾಡಿಗೆಯ ಜಗಳದಿಂದ ಬೆಳೆದಿತ್ತು, ಗ್ಯಾಲೋವೇಯ ಪಕ್ಷ ಒಂದು ಮುಖ ಮತ್ತು ಒಂದು ಸಿಟ್ಟಿನಿಂದ. ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿಗೆ ಐದು ವರ್ಷದ ಆಯುಷ್ಯವಿಲ್ಲ.

ಇನ್ನು ನಮ್ಮ ಹಳಿಯಾಳ ಕ್ಷೇತ್ರ. ಹಳಿಯಾಳ, ದಾಂಡೇಲಿ, ಜೋಯಿಡಾ ಸೇರಿದ ಈ ಕ್ಷೇತ್ರದಲ್ಲಿ 1983ರಿಂದ ಗೆದ್ದವರು ಇಬ್ಬರೇ. ಆರ್.ವಿ. ದೇಶಪಾಂಡೆಯವರು ಒಂಬತ್ತು ಸಲ, 2008ರಲ್ಲಿ ಒಂದು ಸಲ ಸುನೀಲ ಹೆಗಡೆಯವರು. ದೇಶಪಾಂಡೆಯವರು ಜನತಾ ಪಕ್ಷದಲ್ಲಿದ್ದಾಗಲೂ ಗೆದ್ದರು, ಕಾಂಗ್ರೆಸ್ಸಿಗೆ ಬಂದ ಮೇಲೂ ಗೆದ್ದರು. ಪಕ್ಷಕ್ಕಿಂತ ಮನುಷ್ಯ ದೊಡ್ಡವನಾದ ಕ್ಷೇತ್ರ ಇದು. ಕಾಗದದ ಕಾರ್ಖಾನೆಯ ಊರು, ಡಿ.ಎಫ್.ಎ., ಐ.ಪಿ.ಎಂ. ಎಂಬ ಎರಡು ಕಾರ್ಖಾನೆಗಳು ಮುಚ್ಚಿಹೋದುದನ್ನು ಕಂಡ ಊರು, ಕಾಳಿ ಯೋಜನೆಗೆ ಸೂಪಾ ಪಟ್ಟಣವನ್ನೇ ನೀರಿಗೆ ಕೊಟ್ಟ ತಾಲೂಕು. ಪುಸ್ತಕದ ಪ್ರಕಾರ ಕೆಂಪು ಬಾವುಟಕ್ಕೆ ಇದಕ್ಕಿಂತ ಹದವಾದ ಜಾಗ ಬೇರೆ ಬೇಕಿಲ್ಲ. ಕಾರ್ಖಾನೆಗೆ ಐವತ್ತರ ದಶಕದಲ್ಲಿ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತೆಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವವನಿಗೆ ಆ ದರ ಇರಲಿಲ್ಲ. ಇಂಥ ಅನ್ಯಾಯವನ್ನು ಸದನದಲ್ಲಿ ಕೇಳಬೇಕಾದ ಪಕ್ಷ ಇಲ್ಲಿ ಕಾರ್ಖಾನೆಯ ಗೇಟಿನವರೆಗೆ ಬಂದು ನಿಂತಿತು.

ನನಗೆ ಪರಿಚಯದ ಹಿರಿಯ ಗುತ್ತಿಗೆ ಕಾರ್ಮಿಕರೊಬ್ಬರು ಒಮ್ಮೆ ಹೇಳಿದ್ದರು: "ನೋಡ್ರಿ ಭಾಯಿ, ಗೇಟಿನ ಮುಂದ ಕೆಂಪು ಬಾವುಟ ಹಿಡಿಯೋದು ಪಗಾರಕ್ಕ. ಓಟು ಹಾಕೋದು ಹೆದರಿಕಿಗೆ." ಯಾವ ಹೆದರಿಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅಯೋಧ್ಯೆಯ ನಂತರ, ವಿಶೇಷವಾಗಿ ನಮ್ಮ ಲೋಕಸಭಾ ಕ್ಷೇತ್ರವನ್ನು ಅನಂತಕುಮಾರ ಹೆಗಡೆಯವರು 2004ರಿಂದ 2019ರವರೆಗೆ ಸತತ ನಾಲ್ಕು ಸಲ ಗೆದ್ದ ಮೇಲೆ, ಮುಸಲ್ಮಾನನ ಓಟು ಯಾರನ್ನು ತರಬೇಕು ಎನ್ನುವುದಕ್ಕಿಂತ ಯಾರನ್ನು ತಡೆಯಬೇಕು ಎಂಬ ಲೆಕ್ಕದಲ್ಲಿ ಬೀಳುತ್ತದೆ. 2023ರಲ್ಲಿ ಹಳಿಯಾಳದ ಅಂತರ ಸುಮಾರು ಮೂರೂವರೆ ಸಾವಿರ ಮಾತ್ರ. ಇಂಥ ಕಡೆ 'ಓಟು ಒಡೆಯಬೇಡಿ' ಎಂಬ ಮಾತನ್ನು ಜುಮಾ ನಮಾಝಿನ ನಂತರ ಮಸೀದಿಯ ಮೆಟ್ಟಿಲ ಮೇಲೆ ಯಾರೂ ಹೇಳಬೇಕಾಗಿಲ್ಲ, ಎಲ್ಲರೂ ಮನೆಯಿಂದಲೇ ಹೇಳಿಕೊಂಡು ಬಂದಿರುತ್ತಾರೆ. ಮಂಜೇಶ್ವರವನ್ನು ನೋಡಿ. ಕನ್ನಡ ತುಳು ಮಾತಾಡುವ ಆ ಕ್ಷೇತ್ರದಲ್ಲಿ ಎಂಬತ್ತರ ದಶಕದಲ್ಲಿ ಸಿ.ಪಿ.ಐ.ನ ಡಾ. ಎ. ಸುಬ್ಬರಾವ್ ಗೆದ್ದಿದ್ದರು, 2006ರಲ್ಲಿ ಸಿ.ಪಿ.ಎಂ. ಗೆದ್ದಿತ್ತು. 2016ರಲ್ಲಿ ಮುಸ್ಲಿಂ ಲೀಗ್ ಬಿ.ಜೆ.ಪಿ.ಯನ್ನು ಸೋಲಿಸಿದ್ದು 89 ಮತಗಳಿಂದ, 2021ರಲ್ಲಿ 745ರಿಂದ. ಎರಡೂ ಸಲ ಇಡೀ ಕೇರಳವನ್ನು ಗೆದ್ದ ಎಡರಂಗ ಇಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಹೆದರಿಕೆಯ ಲೆಕ್ಕ ಸುಳ್ಳಲ್ಲ.

ಆದರೆ ಅದು ಪೂರ್ಣ ಲೆಕ್ಕವೂ ಅಲ್ಲ. 2004ರಲ್ಲಿ ಲೋಕಸಭೆಯಲ್ಲಿ ಎಡಪಕ್ಷಗಳ ಬಲ ಸುಮಾರು 60, ಸಿ.ಪಿ.ಎಂ. ಒಂದೇ 43. ಕರ್ನಾಟಕದಿಂದ ಒಬ್ಬರೂ ಇರಲಿಲ್ಲ. ಆ ಬಲದ ಮೇಲೆ ನಿಂತಿದ್ದ ಸರಕಾರ 2005ರಲ್ಲಿ ಉದ್ಯೋಗ ಖಾತರಿ ಕಾನೂನನ್ನು, 2006ರಲ್ಲಿ ಅರಣ್ಯ ಹಕ್ಕು ಕಾನೂನನ್ನು ತಂದಿತು. ಬಂಗಾಳ, ಕೇರಳದ ಮತದಾರ ಹಾಕಿದ ಓಟು ಕುಳಗಿಯ ಕಾಡಿನಂಚಿಗೆ ಬಂದು ಮುಟ್ಟಿತು ಎಂದರ್ಥ. ದಾಂಡೇಲಿ ಅಣಶಿ ಹುಲಿ ಸಂರಕ್ಷಿತ ಪ್ರದೇಶ 2007ರಲ್ಲಿ ಘೋಷಣೆಯಾಯಿತು, 2015ರಲ್ಲಿ 'ಕಾಳಿ' ಎಂದಾಯಿತು. ಪ್ರವಾಸಿಗೆ ಕುಳಗಿ ಎಂದರೆ ನಿಸರ್ಗಧಾಮ, ಸಫಾರಿ ಜೀಪು. ಒಳಗೆ ಬದುಕುವವನಿಗೆ ಅದು ಅರ್ಜಿ, ನಕ್ಷೆ, ತಿರಸ್ಕಾರದ ಪತ್ರ. ಕಾನೂನಿನ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದರೆ ಸಾಕು, ಇತರ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ರುಜುವಾತು ಮಾಡಬೇಕು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರ ದಾರಿ ಸ್ವಲ್ಪ ಹಗುರ. ಪಕ್ಕದ ಮನೆಯ ಕುಣಬಿ ದಶಕಗಳಿಂದ ಅದೇ ಸ್ಥಾನ ಕೇಳುತ್ತ ಬಂದವನು, ಅಜ್ಜನ ಕಾಲದ ಕಾಗದ ಎಲ್ಲಿಂದ ತರಬೇಕು? ಅವನ ಪರವಾಗಿ ಸದನದಲ್ಲಿ ಪ್ರತಿ ಅಧಿವೇಶನಕ್ಕೂ ಹಟ ಹಿಡಿದು ಕೇಳುವ ಒಬ್ಬನೇ ಒಬ್ಬ ಸದಸ್ಯನಿದ್ದರೂ ಕಡತ ಅಲ್ಲಾಡುತ್ತಿತ್ತು. 2024ರಲ್ಲಿ ಲೋಕಸಭೆಗೆ ಬಂದ ಕಮ್ಯುನಿಸ್ಟರು ಎಲ್ಲ ಬಣಗಳೂ ಸೇರಿ ಎಂಟು. ಎಂಟು ಜನ ಸರಕಾರವನ್ನು ಹಿಡಿದು ಎಳೆಯಲಾರರು.

ಈಗ ಬಾಗೇಪಲ್ಲಿ. ಆಂಧ್ರದ ಗಡಿಗೆ ಅಂಟಿಕೊಂಡ, ಮಳೆ ಕಡಿಮೆಯ ಆ ತಾಲೂಕಿನಲ್ಲಿ ಸಿ.ಪಿ.ಎಂ. ದಶಕಗಳ ಕಾಲ ನಿಜವಾದ ಪಕ್ಷವಾಗಿತ್ತು. ಜಿ.ವಿ. ಶ್ರೀರಾಮರೆಡ್ಡಿಯವರು 1994 ಮತ್ತು 2004ರಲ್ಲಿ ಗೆದ್ದರು. ಆಮೇಲೆ ಸೋತರೂ ಎರಡನೆಯ ಸ್ಥಾನ ಬಿಡಲಿಲ್ಲ, 2018ರಲ್ಲಿ 51 ಸಾವಿರಕ್ಕೂ ಹೆಚ್ಚು ಮತ ಪಡೆದರು. ಆ ವರ್ಷ ರಾಜ್ಯದಲ್ಲಿ ಪಕ್ಷಕ್ಕೆ ಬಂದ ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಕ್ಷೇತ್ರದ್ದು. ಇಡೀ ರಾಜ್ಯದ ಪಕ್ಷ ಒಬ್ಬ ಮನುಷ್ಯನ ಹೆಗಲ ಮೇಲೆ ಕೂತಿತ್ತು ಎಂದಾಯಿತು. ಮುಂದೆ ಅವರನ್ನು ಪಕ್ಷದಿಂದ ಹೊರಹಾಕಲಾಯಿತು. ಯಾರು ಸರಿ ಯಾರು ತಪ್ಪು ಎಂಬ ಪಂಚಾಯಿತಿಗೆ ನಾನು ಕೂರುವುದಿಲ್ಲ. 2022ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಪಕ್ಷ ಅಲ್ಲಿ ಜನತಾದಳದ ಬೆಂಬಲದೊಂದಿಗೆ ನಿಂತು ಮೂರನೆಯ ಸ್ಥಾನಕ್ಕೆ ಇಳಿಯಿತು. ಎರಡನೆಯ ಸ್ಥಾನಕ್ಕೆ ಬಂದದ್ದು ಬಿ.ಜೆ.ಪಿ. ಬೆಂಬಲ ಕೊಟ್ಟ ಜನತಾದಳ ಅದೇ ವರ್ಷ ಸೆಪ್ಟೆಂಬರಿನಲ್ಲಿ ಎನ್.ಡಿ.ಎ. ಸೇರಿತು. ಕಲಬುರಗಿಯ ಕಡೆ ಮಾರುತಿ ಮಾನ್ಪಡೆಯವರು ಜೀವಮಾನವಿಡೀ ರೈತರ, ಕೂಲಿಕಾರರ ನಡುವೆ ದುಡಿದು, ಶಾಸಕರಾಗದೆ 2020ರಲ್ಲಿ ಕೋವಿಡ್‌ಗೆ ಬಲಿಯಾದರು. ಇಂಥವರು ಇದ್ದಾಗ ಓಟು ಕೊಡದ ನಾವು ಸತ್ತ ಮೇಲೆ ಎಂಥ ಮನುಷ್ಯ ಎಂದು ಲೇಖನ ಬರೆಯುತ್ತೇವೆ.

ಸಿ.ಪಿ.ಎಂ. ಆಗಲಿ ಸಿ.ಪಿ.ಐ. ಆಗಲಿ ಕೆಲಸವಿಲ್ಲದ ಪಕ್ಷಗಳಲ್ಲ. ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ಹೆಂಗಸರು, ಪಂಚಾಯತಿಯ ನೌಕರರು ಬೆಂಗಳೂರಿನ ರಸ್ತೆಯಲ್ಲಿ ರಾತ್ರಿ ಹಗಲು ಕೂತು ಗೌರವಧನ ಏರಿಸಿಕೊಂಡದ್ದು ಕೆಂಪು ಬಾವುಟದ ಕೆಳಗೇ. ಅದೇ ಹೆಂಗಸು ಊರಿಗೆ ಹೋಗಿ ಕೈಗೋ ಕಮಲಕ್ಕೋ ಓಟು ಹಾಕುತ್ತಾಳೆ. ಇದಕ್ಕೆ ಅವಳ 'ವರ್ಗಪ್ರಜ್ಞೆ'ಯ ಕೊರತೆ ಕಾರಣವೆಂದು ಹೇಳುವುದು ಅಹಂಕಾರ. ಸಂಘ ಅವಳ ದಿನದ ಎಂಟು ಗಂಟೆಯನ್ನು ಮಾತ್ರ ಮುಟ್ಟಿದೆ. ಉಳಿದ ಹದಿನಾರು ಗಂಟೆ ಅವಳು ತಾಯಿ, ನೆರೆಯವಳು, ಒಂದು ಜಾತಿಯವಳು, ಉರುಸಿಗೂ ಜಾತ್ರೆಗೂ ಹೋಗುವವಳು. ಆ ಹದಿನಾರು ಗಂಟೆಗೆ ಭಜನಾ ಮಂಡಳಿ ಬಂತು, ಗಣೇಶೋತ್ಸವ ಸಮಿತಿ ಬಂತು. ನಮ್ಮ ಮೊಹಲ್ಲಾಗಳಲ್ಲಿ ಅಂಜುಮನ್ ಇದೆ, ಮದರಸಾ ಇದೆ, ಜಮಾತುಗಳಿವೆ. ಎಡಪಂಥದವರು ಅಲ್ಲಿಗೆ ಬರುವುದು ಗಲಭೆಯಾದ ಮೇಲೆ ಸತ್ಯಶೋಧನಾ ಸಮಿತಿಯೊಂದಿಗೆ. ಬಂದದ್ದಕ್ಕೆ ನಾವು ಕೃತಜ್ಞರು, ಬರುವವರು ಬೇರೆ ಯಾರಿದ್ದಾರೆ? ಆದರೆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಫೇಲಾದಾಗ, ರೇಷನ್ ಕಾರ್ಡು ರದ್ದಾದಾಗ, ಮನೆಯ ಹೆಣ್ಣುಮಗಳ ತಲಾಕಿನ ಜಗಳ ಬಂದಾಗ ಅವರು ಎಲ್ಲಿರುತ್ತಾರೆ? ಧರ್ಮದ ಮನೆಯೊಳಗೆ ಕಾಲಿಟ್ಟರೆ ಮಡಿ ಕೆಡುತ್ತದೆ ಎನ್ನುವ ಒಂದು ಬಗೆಯ ಮಡಿ ಪ್ರಗತಿಪರರಲ್ಲೂ ಇದೆ.

ಚುನಾವಣಾ ಆಯೋಗ 'ನಮೂನೆ 20' ಎಂಬ ಹಾಳೆಯೊಂದನ್ನು ಹೊರಡಿಸುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಎಂಬುದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಕಾದಂಬರಿಗಿಂತ ರುಚಿಯಾದ ಓದು, ನಂಬಿ. ಜೋಯಿಡಾದ ಕಾಡಿನ ಮತಗಟ್ಟೆಗಳಲ್ಲಿ ಮತದಾರರೇ ಕೆಲವು ನೂರು. ಅಂಥ ಕಡೆ ಸಣ್ಣ ಪಕ್ಷವೊಂದಕ್ಕೆ ಮೂರು ಓಟು ಬಿದ್ದರೆ ಆ ಮೂವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ, ಗೆದ್ದವರ ಕಡೆಯವರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಆ ಪಕ್ಷಕ್ಕೆ ಮಾತ್ರ. ಜಿಲ್ಲಾ ಸಮಿತಿಯವರು ಸೋಲಿನ ಪರಿಶೀಲನಾ ಸಭೆಗೆ ಕೂರುವ ಮುನ್ನ ಆ ಹಾಳೆಯನ್ನು ತರಿಸಿಕೊಂಡು, ಆ ಮೂವರ ಮನೆಗೆ ಒಮ್ಮೆ ನಡೆದು ಹೋಗಿ ಬಂದರೆ ವರದಿಯ ಮೊದಲ ಪುಟವಾದರೂ ಬೇರೆಯಾದೀತು. ಹಾಳೆಗೆ ದುಡ್ಡಿಲ್ಲ.